ಟಾಕಿ ತುಂಬಿತೇ ಎಂದು ಮನೆಯನ್ನೇ ಕೇಳುವುದು

ಧಾರವಾಡ ಭಾಗದ ಕನ್ನಡದಲ್ಲಿ ‘ಬಾಗಲಾ ತೆಗಿ’ ಎಂದರೆ ಮುಚ್ಚಿದ್ದನ್ನು ತೆರೆಯಬೇಕು, ‘ಲೈಟ್ ತೆಗಿ’ ಎಂದರೆ ಉರಿಯುತ್ತಿರುವುದನ್ನು ಆರಿಸಬೇಕು. ‘ಬಾಗಲಾ ಹಾಕು’ ಎಂದರೆ ಮುಚ್ಚಬೇಕು, ‘ಲೈಟ್ ಹಾಕು’ ಎಂದರೆ ಬೆಳಗಿಸಬೇಕು. ‘ಹಚ್ಚು’ ಎಂಬ ಇನ್ನೊಂದು ಕ್ರಿಯಾಪದವಂತೂ ಫ್ಯಾನು, ಗ್ಯಾಸು, ಮೋಟರು, ಫೋನುಗಳಿಂದ ಹಿಡಿದು ಗೋಡೆಯ ಬಣ್ಣ, ಗಾಯದ ಮುಲಾಮು, ಹಿತ್ತಲಿನ ಗಿಡದವರೆಗೆ ಎಲ್ಲಕ್ಕೂ ಸಲ್ಲುತ್ತದೆ. ವಿದ್ಯುತ್ ಶಾಸ್ತ್ರದ ದೃಷ್ಟಿಯಿಂದ ಈ ಬಳಕೆಯಲ್ಲಿ ಯಾವ ವಿರೋಧವೂ ಇಲ್ಲ, ಏಕೆಂದರೆ ಸ್ವಿಚ್ಚು ಹಾಕಿದಾಗ ವಿದ್ಯುತ್ ಹರಿಯುವ ಮಂಡಲ ಬಾಗಿಲಿನಂತೆಯೇ ಮುಚ್ಚಿಕೊಳ್ಳುತ್ತದೆ, ತೆಗೆದಾಗ ಬಾಗಿಲಿನಂತೆಯೇ ತೆರೆದುಕೊಳ್ಳುತ್ತದೆ. ಆದರೆ ಮಾತು ಕೇಳಿ ಕೆಲಸ ಮಾಡುವ ಯಂತ್ರಗಳಿಗೆ ಈ ಸೂಕ್ಷ್ಮವನ್ನು ತಿಳಿಸುವ ದಾರಿ ಇತ್ತೀಚಿನವರೆಗೆ ಇರಲಿಲ್ಲ; ಇಂಥ ಯಂತ್ರಗಳ ಪೈಕಿ ಹೆಸರಾದ ಅಮೆಜಾನ್‌ನ ಅಲೆಕ್ಸಾ 2017ರಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷನ್ನಷ್ಟೇ ಬಲ್ಲದ್ದಾಗಿತ್ತು, 2019ರಲ್ಲಿ ಹಿಂದಿಯನ್ನು ಕಲಿಯಿತು, ಕನ್ನಡದ ಸರದಿ ಬರಲಿಲ್ಲ.

ಆ ತಲೆಮಾರಿನ ಧ್ವನಿ ಸಹಾಯಕಗಳು ಕೆಲಸ ಮಾಡುತ್ತಿದ್ದ ಬಗೆ ಸರಳವಾದದ್ದು. ಬಳಕೆದಾರರು ಹೇಳಬಹುದಾದ ವಾಕ್ಯಗಳ ಅಚ್ಚುಗಳನ್ನು ತಯಾರಕರು ಮೊದಲೇ ಸಿದ್ಧಪಡಿಸಿಟ್ಟಿರುತ್ತಿದ್ದರು, ಮತ್ತು ಆಡಿದ ಮಾತು ಅವುಗಳಲ್ಲಿ ಯಾವುದಾದರೊಂದಕ್ಕೆ ಹೊಂದಿದರೆ ಕೆಲಸವಾಗುತ್ತಿತ್ತು, ಹೊಂದದಿದ್ದರೆ ಕ್ಷಮಾಪಣೆ ಕೇಳಿಬರುತ್ತಿತ್ತು. ‘ಹಾಲಿನ ಫ್ಯಾನ್ ಹಚ್ಚು’ ಎಂಬುದು ಅಚ್ಚಿಗೆ ಹೊಂದೀತು. ‘ಭಾಳ ಝಳಾ ಐತಿ’ ಎಂಬುದು ಹೊಂದದು, ಮನೆಯ ಯಾವ ಸದಸ್ಯರಾದರೂ ಆ ಮಾತಿಗೆ ಎದ್ದು ಹೋಗಿ ಫ್ಯಾನ್ ಹಚ್ಚುತ್ತಿದ್ದರೂ ಸಹ. ಈ ಅಂತರವನ್ನು ತುಂಬಿದ್ದು ಭಾಷಾ ಮಾದರಿ. ಅಪಾರ ಪ್ರಮಾಣದ ಬರಹವನ್ನು ಜಾಲಾಡಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತುಕೊಂಡ, ಮತ್ತು ಆ ಕಲಿಕೆಯ ಬಲದಿಂದಲೇ ವಾಕ್ಯದ ಆಶಯವನ್ನು ಊಹಿಸಬಲ್ಲ ಗಣಕ ವ್ಯವಸ್ಥೆಗೆ ಈ ಹೆಸರಿದೆ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಿಂದಾಗಿ ಇದು ಜನಸಾಮಾನ್ಯರಿಗೆ ಪರಿಚಯವಾಯಿತು. ಬಾಗಿಲಿನ ಜೊತೆಗಿನ ‘ತೆಗಿ’ ಬೇರೆ, ಲೈಟಿನ ಜೊತೆಗಿನ ‘ತೆಗಿ’ ಬೇರೆ ಎಂಬುದನ್ನು ಅದಕ್ಕೆ ಯಾರೂ ನಿಯಮವಾಗಿ ಕಲಿಸಬೇಕಿಲ್ಲ. ಅಕ್ಕಪಕ್ಕದ ಪದಗಳಿಂದಲೇ ಅದು ಅರ್ಥ ಹಿಡಿಯಲೆತ್ನಿಸುತ್ತದೆ.

ಆದರೆ ಭಾಷಾ ಮಾದರಿಗೆ ಕೈಯಿಲ್ಲ. ಅದು ಬರಹವನ್ನು ಪಡೆದು ಬರಹವನ್ನೇ ಕೊಡುತ್ತದೆ. ಅದರ ಬರಹ ಮನೆಯ ಸ್ವಿಚ್ಚಿನವರೆಗೆ ತಲುಪಬೇಕಾದರೆ ನಡುವೆ ಹಲವು ಕೊಂಡಿಗಳು ಬೇಕು. ಮೈಕಿಗೆ ಬಿದ್ದ ಧ್ವನಿಯನ್ನು ಮೊದಲು ಅಕ್ಷರಕ್ಕಿಳಿಸುವ ತಂತ್ರಾಂಶವೊಂದಿರುತ್ತದೆ. ಆ ಅಕ್ಷರದೊಡನೆ ಮನೆಯಲ್ಲಿರುವ ಉಪಕರಣಗಳ ಪಟ್ಟಿ, ಅವುಗಳ ಆಗಿನ ಸ್ಥಿತಿ, ಮತ್ತು ಯಾವ ಯಾವ ಆದೇಶಗಳಿಗೆ ಅವಕಾಶವಿದೆ ಎಂಬ ವಿವರವನ್ನೂ ಸೇರಿಸಿ ಮಾದರಿಗೆ ಕಳುಹಿಸಲಾಗುತ್ತದೆ. ಮಾದರಿಯು ಉತ್ತರವಾಗಿ ಮಾತಿನ ಬದಲು, ಇಂಥ ಕೋಣೆಯ ಇಂಥ ಫ್ಯಾನಿಗೆ ಇಂಥ ಆದೇಶ ಎಂಬ ಕಟ್ಟುನಿಟ್ಟಿನ ಚೀಟಿಯೊಂದನ್ನು ಬರೆದುಕೊಡುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಮಾದರಿಗಳಿಗೆ ಇಂಥ ಚೀಟಿ ಬರೆಯುವ ಸೌಲಭ್ಯವನ್ನು ಸೇರಿಸಿದ ಮೇಲೆ, ಮತ್ತು 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ಮಾದರಿಗಳನ್ನೂ ಹೊರಗಿನ ಸಾಧನಗಳನ್ನೂ ಜೋಡಿಸಲು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮುಕ್ತ ಒಡಂಬಡಿಕೆಯನ್ನು ಪ್ರಕಟಿಸಿದ ಮೇಲೆ ಈ ಕೆಲಸ ಹೆಚ್ಚು ಸಲೀಸಾಯಿತು.

ಚೀಟಿಯನ್ನು ಓದಿ ಜಾರಿಗೆ ತರುವುದು ಮನೆಯೊಳಗಿನ ಸಣ್ಣ ಗಣಕವೊಂದರ ಹೊಣೆ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಹೋಮ್ ಅಸಿಸ್ಟೆಂಟ್’ ಎಂಬ ಉಚಿತ ತಂತ್ರಾಂಶವನ್ನು ಪೌಲಸ್ ಸ್ಖೌಟ್ಸನ್ 2013ರಲ್ಲಿ ಆರಂಭಿಸಿದರು, ಮತ್ತು 2024ರ ಜೂನ್ ಆವೃತ್ತಿಯಿಂದ ಭಾಷಾ ಮಾದರಿಗಳು ಅದರ ಮೂಲಕ ಮನೆಯ ಉಪಕರಣಗಳನ್ನು ನಿಯಂತ್ರಿಸಬಹುದಾಯಿತು. ಮನೆಯವರು ತೋರಿಸಲು ಒಪ್ಪಿದ ಉಪಕರಣಗಳಷ್ಟೇ ಮಾದರಿಯ ಕಣ್ಣಿಗೆ ಬೀಳುತ್ತವೆ ಎಂಬುದು ಅದರ ಮುಖ್ಯ ಗುಣ. ಅಲ್ಲಿಂದ ಮುಂದೆ ವೈಫೈ, ಝಿಗ್‌ಬೀ, 2022ರಲ್ಲಿ ಬಂದ ಮ್ಯಾಟರ್ ಮೊದಲಾದ ಸಂಪರ್ಕ ಪದ್ಧತಿಗಳಿವೆ. ಇವುಗಳ ಜೊತೆಗೆ ಬಳಕೆಯಾಗುವ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ 1999ರಲ್ಲಿ ಹುಟ್ಟಿದ್ದು ಮನೆಗಳಿಗಾಗಿ ಅಲ್ಲ, ದೂರದ ತೈಲ ಕೊಳವೆಮಾರ್ಗಗಳ ಮೇಲೆ ನಿಗಾ ಇಡುವುದಕ್ಕಾಗಿ. ಕೊಳವೆಯ ಕಾವಲಿಗೆ ಹುಟ್ಟಿದ ಪದ್ಧತಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಮನೆಗಳಿಗೆ ವಿಶೇಷವಾಗಿ ಒಗ್ಗಬೇಕು, ಏಕೆಂದರೆ ಜಾಹೀರಾತುಗಳಲ್ಲಿ ಸ್ಮಾರ್ಟ್ ಮನೆ ಎಂದರೆ ಬಣ್ಣ ಬದಲಿಸುವ ಬಲ್ಬಾಗಿದ್ದರೂ ಇಲ್ಲಿ ಮನೆಯವರು ದಿನನಿತ್ಯ ಕಾವಲು ಕಾಯುವುದು ನಳದ ನೀರಿಗೆ.

ಮಲಪ್ರಭಾ ನದಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರ ಜಲಾಶಯ ಮತ್ತು ನೀರಸಾಗರ ಕೆರೆ ಈ ನಗರದ ನೀರಿನ ಆಸರೆಗಳು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 2008ರ ಸುಮಾರಿಗೆ ಕೆಲವು ಪ್ರಾಯೋಗಿಕ ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಬರತೊಡಗಿದರೂ, ಉಳಿದ ಭಾಗಗಳಲ್ಲಿ ಕೆಲವು ದಿನಗಳಿಗೊಮ್ಮೆ ಕೆಲವೇ ತಾಸು ನೀರು ಬಿಡುವ ಪದ್ಧತಿ ಮುಂದುವರಿಯಿತು, ಮತ್ತು ಅದರೊಂದಿಗೆ ನೆಲದೊಳಗಿನ ಟಾಕಿ, ಮಾಳಿಗೆಯ ಮೇಲಿನ ಟಾಕಿ, ಇವೆರಡರ ನಡುವಿನ ಮೋಟರು ಎಂಬ ತ್ರಿಕೂಟ ಮನೆಮನೆಯಲ್ಲಿ ನೆಲೆಯೂರಿತು. ಈ ಕಾಯುವಿಕೆಯನ್ನು ಮಾಹಿತಿ ತಂತ್ರಜ್ಞಾನದಿಂದ ಹಗುರಗೊಳಿಸುವ ಒಂದು ಗಮನಾರ್ಹ ಪ್ರಯತ್ನ ಹುಬ್ಬಳ್ಳಿಯಲ್ಲಿಯೇ ನಡೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಓದಿದವರು 2010ರ ದಶಕದ ಆರಂಭದಲ್ಲಿ ಇಲ್ಲಿ ಆರಂಭಿಸಿದ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆಯು, ನೀರು ಬಿಡುವ ವಾಲ್ವ್‌ಮನ್‌ಗಳು ಕವಾಟ ತಿರುಗಿಸುವ ಹೊತ್ತನ್ನು ಫೋನಿನ ಮೂಲಕ ತಿಳಿಸುವಂತೆಯೂ, ಆ ಕವಾಟಕ್ಕೆ ಸೇರಿದ ಮನೆಗಳಿಗೆ ನೀರು ಬರುವ ಮುನ್ನ ಎಸ್‌ಎಂಎಸ್ ಹೋಗುವಂತೆಯೂ ವ್ಯವಸ್ಥೆ ಮಾಡಿತು. 2011ರಲ್ಲಿ ಅದಕ್ಕೆ ಅಮೆರಿಕದ ನೈಟ್ ಪ್ರತಿಷ್ಠಾನದ ಪುರಸ್ಕಾರವೂ ದೊರೆಯಿತು.

ಆ ಸಂಸ್ಥೆ ಮುಂದೆ ಬೆಂಗಳೂರಿಗೆ ವಿಸ್ತರಿಸಿದಾಗ ತನು ಕುಮಾರ್, ಅಲಿಸನ್ ಪೋಸ್ಟ್ ಮತ್ತು ಇಶಾ ರೇ ಅಲ್ಲಿ ಕ್ಷೇತ್ರ ಪ್ರಯೋಗ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಮನೆಗೆ ಯಂತ್ರ ಜೋಡಿಸಹೊರಟ ಎಲ್ಲರೂ ಗಮನಿಸಬೇಕಾದದ್ದು. ಸಂದೇಶಗಳಿಂದ ಜನರ ಕಳವಳ ತಗ್ಗಿತಾದರೂ ನೀರಿಗಾಗಿ ಕಾಯುವ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾಹಿತಿ ಕೊಡಬೇಕಾದ ನಡುವಿನ ಮನುಷ್ಯರು ಕೊಡದಿದ್ದದ್ದು ಒಂದು ಕಾರಣವಾದರೆ, ಮನೆಯೊಳಗಿನ ಹೆಣ್ಣು-ಗಂಡುಗಳ ಅಸಮಾನ ಸಂಬಂಧ ಇನ್ನೊಂದು ಕಾರಣವಾಗಿತ್ತು. ಫೋನು ಗಂಡಸಿನ ಕಿಸೆಯಲ್ಲಿದ್ದು, ಕೊಡ ಹಿಡಿದು ಕಾಯುವಾಕೆ ಮನೆಯಲ್ಲಿದ್ದರೆ ಸಂದೇಶ ಬಂದೂ ಬಾರದಂತೆಯೇ. ಭಾಷಾ ಮಾದರಿಗೆ ಜೋಡಿಸಿದ ಧ್ವನಿವರ್ಧಕ ಅಡುಗೆಮನೆಯ ಕಟ್ಟೆಯ ಮೇಲಿದ್ದು, ಅಕ್ಷರ ಬಾರದವರ ಪ್ರಶ್ನೆಗೂ ಅವರ ಮಾತಿನಲ್ಲೇ ‘ಮ್ಯಾಲಿನ ಟಾಕಿ ಅರ್ಧಾ ತುಂಬೇತಿ’ ಎಂದು ಉತ್ತರಿಸುವಂತಾದರೆ ಅದರ ನಿಜವಾದ ಪ್ರಯೋಜನ ಇಲ್ಲಿದೆ. ಸೋಫಾದಲ್ಲಿ ಕುಳಿತವರ ಮೈಗಳ್ಳತನಕ್ಕೆ ನೆರವಾಗುವುದು ಅಂಥ ದೊಡ್ಡ ಸಾಧನೆಯೇನಲ್ಲ.

ಹಾಗೆಂದು ಮೋಟರನ್ನು ಭಾಷಾ ಮಾದರಿಯ ಕೈಗೊಪ್ಪಿಸುವುದು ವಿವೇಕವಲ್ಲ. ಟಾಕಿ ತುಂಬಿದಾಗ ಮೋಟರು ನಿಲ್ಲಿಸಲು ನೀರಿನ ಮೇಲೆ ತೇಲುವ ಒಂದು ಬುರುಡೆಯೂ ಅದಕ್ಕೆ ಕಟ್ಟಿದ ಒಂದು ಸ್ವಿಚ್ಚೂ ಸಾಕು. ಅದಕ್ಕೆ ಇಂಟರ್ನೆಟ್ ಬೇಡ, ವ್ಯಾಕರಣ ಬೇಡ. ಕೆಳಗಿನ ಟಾಕಿ ಬರಿದಾದಾಗ ಮೋಟರು ಒಣಗಿ ಓಡದಂತೆ ತಡೆಯುವುದೂ ಅಂಥದೇ ಸರಳ ಸಾಧನದ ಕೆಲಸ. ಭಾಷಾ ಮಾದರಿಯಾದರೋ ಸಂಭವನೀಯತೆಯ ಆಧಾರದಲ್ಲಿ ನಡೆಯುವಂಥದು. ಹತ್ತೊಂಬತ್ತು ಬಾರಿ ಸರಿಯಾಗಿ ನಡೆದು ಇಪ್ಪತ್ತನೆಯ ಬಾರಿ, ಮೋಟರು ಇನ್ನೂ ಓಡುತ್ತಿರುವಾಗಲೇ, ‘ಬಂದ್ ಮಾಡೇನ್ರಿ’ ಎಂದು ಅತ್ಯಂತ ವಿನಯದಿಂದ ಸುಳ್ಳು ಹೇಳಬಲ್ಲದು. ಆದ್ದರಿಂದ ಉತ್ತರವು ಮಾದರಿಯ ನೆನಪಿನಿಂದ ಬರದೆ, ತಂತಿಯಲ್ಲಿ ವಿದ್ಯುತ್ ಹರಿಯುತ್ತಿದೆಯೇ ಎಂದು ಅಳೆಯುವ ಸಂವೇದಕದಿಂದ ಬರುವಂತೆ ಜೋಡಣೆ ಇರಬೇಕು. ಇನ್ನೊಂದು ಲೌಕಿಕ ಸಂಗತಿಯೂ ಇದೆ: ಮೋಟರು ಚಾಲೂ ಆಗುವ ಕ್ಷಣದಲ್ಲಿ ಎಂದಿನ ಓಟಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುವುದರಿಂದ, ಬಲ್ಬಿಗೆಂದು ಕೊಂಡ ಸಣ್ಣ ಸ್ಮಾರ್ಟ್ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದರೆ ಒಳಗಿನ ಸಂಪರ್ಕ ಬಿಂದುಗಳು ಬೆಸೆದುಕೊಂಡು, ಆಮೇಲೆ ಯಾರು ಎಷ್ಟು ಹೇಳಿದರೂ ಮೋಟರು ನಿಲ್ಲದಿರಬಹುದು.

ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಭಾಷಾ ಮಾದರಿ ಧಾರಾಳವಾಗಿ ದುಡಿಯಬಹುದು. ಅವಳಿ ನಗರಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂನ ಗ್ರಾಹಕರಿಗೂ, ರಾಜ್ಯದ ಉಳಿದವರಂತೆ, 2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಅನ್ವಯವಾಗಿದೆ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು ಯೂನಿಟ್‌ಗಳು ಉಚಿತವೆಂದೂ, 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ತೆರಬೇಕೆಂದೂ ಅದರ ಮೂಲ ನಿಯಮ. ಹೀಗಾಗಿ 201ನೆಯ ಯೂನಿಟ್ ಬಹಳ ದುಬಾರಿಯದು, ಮತ್ತು ತಿಂಗಳ ನಡುವೆ ಬಳಕೆ ಎಲ್ಲಿಗೆ ಬಂದಿದೆ ಎಂಬುದನ್ನು ತಿಳಿಯುವ ಕುತೂಹಲ ಮನೆಯವರಿಗೆ ಸಹಜವಾಗಿಯೇ ಇರುತ್ತದೆ. 2,000 ವ್ಯಾಟ್‌ನ ಗೀಸರ್ ಅರ್ಧ ತಾಸು ಉರಿದರೆ ಒಂದು ಯೂನಿಟ್. ಒಂದು ಅಶ್ವಶಕ್ತಿಯ ಮೋಟರು ಒಂದು ತಾಸು ಓಡಿದರೆ ಹೆಚ್ಚುಕಡಿಮೆ ಅಷ್ಟೇ. ಮುಖ್ಯ ತಂತಿಗೆ ಅಳತೆಯ ಸಾಧನವೊಂದನ್ನು ಕೂರಿಸಿ, ಕೂಡಿಸಿ ಗುಣಿಸುವ ಕೆಲಸವನ್ನು ಮನೆಯ ಗಣಕಕ್ಕೇ ಬಿಟ್ಟು, ಆ ಅಂಕಿಗಳನ್ನು ಮನುಷ್ಯರ ಮಾತಾಗಿಸುವುದನ್ನಷ್ಟೇ ಮಾದರಿಗೆ ವಹಿಸಿದರೆ, ಅದು ತಪ್ಪಿದರೂ ನಷ್ಟ ಅಲ್ಪ.

ಇಷ್ಟಕ್ಕೂ ಎಲ್ಲ ನಿಂತಿರುವುದು ಮೊದಲ ಕೊಂಡಿಯ ಮೇಲೆ, ಅಂದರೆ ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶದ ಮೇಲೆ. ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಮುಕ್ತವಾಗಿ ಬಿಟ್ಟ ವಿಸ್ಪರ್ ಎಂಬ ತಂತ್ರಾಂಶವನ್ನು 6,80,000 ಗಂಟೆಗಳ ಧ್ವನಿಯಿಂದ ಪಳಗಿಸಲಾಗಿತ್ತು. ಅದರಲ್ಲಿ ಲಿಪ್ಯಂತರದೊಡನೆ ಇದ್ದ ಕನ್ನಡದ ಪಾಲು ಕೆಲವೇ ಗಂಟೆಗಳದು. ಆ ಕೆಲವು ಗಂಟೆಗಳಲ್ಲಿ ಧಾರವಾಡದ ನುಡಿ ಎಷ್ಟಿದ್ದೀತು ಎಂಬುದನ್ನು ಓದುಗರೇ ಊಹಿಸಬಹುದು. ಧಾರವಾಡದ ನುಡಿಯೆಂಬುದೂ ಒಂದೇ ಅಲ್ಲ: ವಿಲಿಯಂ ಮೆಕಾರ್ಮಕ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಊರಿನ ಕನ್ನಡದೊಳಗೆ ಸಮುದಾಯಗಳಿಗೆ ಅನುಗುಣವಾದ ಬೇರೆ ಬೇರೆ ಉಪಭಾಷೆಗಳನ್ನು ಗುರುತಿಸಿದ್ದರು. ‘ಮೋಟರ್ ಚಾಲೂ ಅದ ಏನು’ ಎಂಬ ಮನೆ, ‘ಮೋಟರ್ ಚಾಲೂ ಐತೇನು’ ಎಂಬ ಮನೆ ಒಂದೇ ಓಣಿಯಲ್ಲಿರುತ್ತವೆ. ಅಜ್ಜಿಯರು ಯಂತ್ರಕ್ಕೂ ಅಕ್ಕರೆಯಿಂದ ‘ಹಚ್ಚಪಾ’, ‘ಹಚ್ಚವಾ’ ಎಂದಾರು, ಸಂಕೋಚ ಸ್ವಭಾವದವರು ‘ಹಚ್ರಿ’ ಎಂದಾರು. ಈ ‘ಪಾ’, ‘ವಾ’, ‘ರಿ’ಗಳು ಉಪಕರಣದ ಹೆಸರಿನ ಭಾಗಗಳಲ್ಲವೆಂದು ತಂತ್ರಾಂಶಕ್ಕೆ ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರೆಸ್ಪಿನ್ ಎಂಬ ಯೋಜನೆಯಡಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಉಪಭಾಷಾ ಧ್ವನಿಯನ್ನು ಸಂಗ್ರಹಿಸಿದೆ, ಮದ್ರಾಸಿನ ಐಐಟಿಯ ಎಐ4ಭಾರತ್ ತಂಡವೂ ಭಾರತೀಯ ಭಾಷೆಗಳ ಧ್ವನಿಭಂಡಾರ ಕಟ್ಟುತ್ತಿದೆ. ಗೂಗಲ್ ತನ್ನ ಜೆಮಿನಿ ಲೈವ್ ಸಂಭಾಷಣೆಗೆ 2024ರ ಅಕ್ಟೋಬರಿನಲ್ಲಿ ಕನ್ನಡವನ್ನು ಸೇರಿಸುವುದಾಗಿ ಘೋಷಿಸಿತು. ಆದರೆ ರೆಸ್ಪಿನ್ ಆಯ್ದುಕೊಂಡ ವಿಷಯಗಳು ಕೃಷಿ ಮತ್ತು ಹಣಕಾಸು. ಅಡುಗೆಮನೆಯ ಮಾತು ಇನ್ನೂ ಯಾರ ಭಂಡಾರಕ್ಕೂ ಸರಿಯಾಗಿ ಸೇರಿಲ್ಲವೆಂದೇ ಹೇಳಬೇಕು.

ಮಾತು ಅರ್ಥವಾಗದಿರುವುದಕ್ಕಿಂತ ಅಪಾಯಕರವಾದದ್ದು, ಯಾರ ಮಾತನ್ನು ಕೇಳಬೇಕೆಂದು ಯಂತ್ರಕ್ಕೆ ತಿಳಿಯದಿರುವುದು. ಭಾಷಾ ಮಾದರಿಗೆ ಯಜಮಾನರ ಆದೇಶವೂ ಬರಹವೇ, ಎಲ್ಲಿಂದಲೋ ಬಂದ ಪತ್ರದ ಒಕ್ಕಣೆಯೂ ಬರಹವೇ. 2025ರ ಆಗಸ್ಟಿನಲ್ಲಿ ಇಸ್ರೇಲಿನ ಸಂಶೋಧಕರು ಇದನ್ನು ಮಾಡಿ ತೋರಿಸಿದರು: ಗೂಗಲ್ ಕ್ಯಾಲೆಂಡರಿಗೆ ಕಳುಹಿಸಿದ ಆಹ್ವಾನವೊಂದರಲ್ಲಿ ಗುಪ್ತ ಸೂಚನೆಗಳನ್ನು ಹುದುಗಿಸಿಟ್ಟು, ಮನೆಯವರು ಜೆಮಿನಿಯನ್ನು ಅಂದಿನ ಕಾರ್ಯಕ್ರಮಗಳೇನೆಂದು ಕೇಳಿದಾಗ ಅದು ಆ ಸೂಚನೆಗಳನ್ನೂ ಪಾಲಿಸಿ ಲೈಟು ಆರಿಸುವಂತೆ, ಕಿಟಕಿಯ ಪರದೆ ತೆರೆಯುವಂತೆ, ನೀರು ಕಾಯಿಸುವ ಬಾಯ್ಲರ್ ಹಚ್ಚುವಂತೆ ಮಾಡಿದರು. ಗೂಗಲ್ ರಕ್ಷಣಾ ಕ್ರಮಗಳನ್ನು ಬಿಗಿಗೊಳಿಸಿತಾದರೂ, ಬರಹದೊಳಗೆ ಆದೇಶ ಅಡಗಿಸುವ ಈ ತಂತ್ರಕ್ಕೆ ಪೂರ್ಣ ಪರಿಹಾರ ಸಿಕ್ಕಿಲ್ಲ. ಹಾಗಾಗಿ ಮಾದರಿಗೆ ತೋರಿಸುವ ಉಪಕರಣಗಳ ಪಟ್ಟಿಯಿಂದ ಬಾಗಿಲಿನ ಬೀಗ, ಗೀಸರ್, ಗ್ಯಾಸಿನ ಕವಾಟಗಳನ್ನು ಹೊರಗಿಡುವುದು, ಇಡದಿದ್ದರೆ ಮನುಷ್ಯರ ಒಪ್ಪಿಗೆಯ ಗುಂಡಿಯಿಲ್ಲದೆ ಅವು ಚಲಿಸದಂತೆ ಮಾಡುವುದು ಸದ್ಯದ ಜಾಣತನ.

ಇಂಟರ್ನೆಟ್ಟಿನಾಚೆಯ ದೂರದ ಮಾದರಿಯನ್ನು ನೆಚ್ಚುವ ಬದಲು ಮಾದರಿಯನ್ನೇ ಮನೆಯ ಗಣಕದಲ್ಲಿ ಇಟ್ಟುಕೊಂಡರೆ ಮನೆಯ ಮಾತು ಹೊಸ್ತಿಲು ದಾಟುವುದಿಲ್ಲ. ಆದರೆ ಮನೆಯೊಳಗೆ ಹಿಡಿಯುವಷ್ಟು ಚಿಕ್ಕ ಮಾದರಿಗಳ ಕನ್ನಡ ದೊಡ್ಡವುಗಳ ಕನ್ನಡಕ್ಕಿಂತ ಬಹಳ ತೆಳು, ಮತ್ತು ವೇಗ ಬೇಕೆಂದರೆ ದುಬಾರಿ ಗ್ರಾಫಿಕ್ಸ್ ಕಾರ್ಡು ಬೇಕು, ಅದೂ ದಿನವಿಡೀ ವಿದ್ಯುತ್ ಉಣ್ಣುತ್ತದೆ. ದೂರದ ಮಾದರಿಯನ್ನು ನೆಚ್ಚಿದರೆ, ಕರೆಂಟ್ ಹೋದೊಡನೆ ರೌಟರ್ ಸತ್ತು ಮನೆ ಮೂಕವಾಗುತ್ತದೆ. ಮಳೆಗಾಲದ ಸಂಜೆ ಗಾಳಿಗೆ ಕರೆಂಟ್ ಹೋಗುವುದೂ ಅದೇ ಹೊತ್ತಿಗೆ ನಳಕ್ಕೆ ನೀರು ಬರುವುದೂ ಈ ಊರಿನಲ್ಲಿ ಅಪರೂಪವಲ್ಲವಾದ್ದರಿಂದ, ರೌಟರನ್ನೂ ಸಣ್ಣ ಗಣಕವನ್ನೂ ಇನ್ವರ್ಟರಿನ ತಂತಿಗೆ ಸೇರಿಸುವುದು, ಗೋಡೆಯ ಸ್ವಿಚ್ಚನ್ನು ಕಿತ್ತುಹಾಕದೆ ಅದರ ಹಿಂದೆ ಕೂರುವಂಥ ಸಾಧನವನ್ನೇ ಆರಿಸುವುದು ಮೇಲು. ಆಗ ಯಂತ್ರ ಮಾತು ಕೇಳದಿದ್ದರೂ ಬೆರಳು ಒತ್ತಿದರೆ ಲೈಟು ಹತ್ತುತ್ತದೆ.