ಬೇರಾಗಿ ಉಳಿದ ತಾಯಿ: ಮದರ್ ವೆರೋನಿಕಾ

ಕನ್ಯಾಸ್ತ್ರೀ ಎಂದೊಡನೆ ನಮಗೆ ನೆನಪಾಗುವುದು ಶಾಲೆ, ಆಸ್ಪತ್ರೆ, ಅನಾಥಾಲಯಗಳು. ಬಬ್ಬೂರು, ಹಿರಿಯೂರಿನಂತಹ ಬಯಲುಸೀಮೆಯ ಊರುಗಳಲ್ಲಿರುವ ನಾವೂ ಅವರನ್ನು ಅರಿತಿರುವುದು ಅವರ ಸೇವೆಯಿಂದಲೇ. ಆ ಸೇವೆಯನ್ನು ಪೋಷಿಸುವ ಪ್ರಾರ್ಥನೆ ಮಾತ್ರ ಕಣ್ಣಿಗೆ ಬೀಳುವಂಥದ್ದಲ್ಲ. ಇವೆರಡೂ ಒಂದೇ ಕರೆಯ ಎರಡು ಮುಖಗಳೆಂದು ಬಾಳಿ ತೋರಿದವರು ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಂಸ್ಥಾಪಕಿ ಮದರ್ ವೆರೋನಿಕಾ.

ಇವರ ಮೂಲ ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಜನನ. ತಂದೆ ಆಂಗ್ಲಿಕನ್ ಸಭೆಯ ಗುರು. 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಸೋಫಿ, ಮುಂದೆ ಸಂತ ಜೋಸೆಫರ ಸಹೋದರಿಯರ ಸಭೆಯಲ್ಲಿ ಕನ್ಯಾಸ್ತ್ರೀಯಾದರು. 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳ ಶಿಕ್ಷಣದಲ್ಲಿ ತೊಡಗಿದರು. ಕಾರ್ಮೆಲಿನ ಮೌನ ಪ್ರಾರ್ಥನೆಯ ಕರೆ ಅವರ ಅಂತರಂಗವನ್ನು ತಟ್ಟಿದ್ದು ಅಲ್ಲಿಯೇ.

ಕಾರ್ಮೆಲಿನ ಧ್ಯಾನ, ಶಾಲೆಯ ದುಡಿಮೆ ಎರಡನ್ನೂ ಕೂಡಿಸಿದ ಸಭೆಯೊಂದು ಪಶ್ಚಿಮ ಕರಾವಳಿಗೆ ಬೇಕೆಂಬುದು ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅವರ ಹಂಬಲವಾಗಿತ್ತು. ಅದಕ್ಕೆ ಓಗೊಟ್ಟ ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ನೂತನ ಸಭೆಯನ್ನು ಆರಂಭಿಸಿದರು. ಅಲ್ಲಿ ತರಬೇತಿ ಪಡೆದ ಸಹೋದರಿಯರು ಮದರ್ ಮರಿ ದೆಸ್ ಆಂಜ್ ಅವರ ನೇತೃತ್ವದಲ್ಲಿ 1870ರ ನವೆಂಬರ್ 19ರಂದು ಮಂಗಳೂರಿಗೆ ಆಗಮಿಸಿದರು. ಸಂಸ್ಥಾಪಕಿ ಅವರೊಡನೆ ಹೊರಡಲಿಲ್ಲ. ಹೊಸಬರನ್ನು ಸಿದ್ಧಗೊಳಿಸಲು ಬಯೋನಿನಲ್ಲಿಯೇ ಉಳಿದರು.

ಕಠಿಣ ಪರೀಕ್ಷೆ ಎದುರಾದದ್ದು 1873ರಲ್ಲಿ. ಧರ್ಮಾಧ್ಯಕ್ಷ ಮರಿ ಎಫ್ರೆಮ್ ನಿಧನರಾದರು. ಬಯೋನಿನ ಮನೆಯೂ ಮುಚ್ಚಿತು. ತಾವೇ ಹುಟ್ಟುಹಾಕಿದ ಸಭೆಯಿಂದ ದೂರ ಸರಿದು ಮದರ್ ವೆರೋನಿಕಾ ಪೋ ನಗರದ ಕಾರ್ಮೆಲ್ ಮಠವನ್ನು ಸೇರಿದರು. ಕೆಲವು ವರ್ಷ ಬೆತ್ಲೆಹೇಮಿನ ಕಾರ್ಮೆಲಿನಲ್ಲಿಯೂ ಇದ್ದರು. ಅಧಿಕಾರವಿಲ್ಲ, ಕೀರ್ತಿಯಿಲ್ಲ, ಉಳಿದದ್ದು ಪ್ರಾರ್ಥನೆಯೊಂದೇ. 1906ರ ನವೆಂಬರ್ 16ರಂದು ಪೋ ನಗರದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಇತ್ತ ಮಂಗಳೂರಿನ ಸಂತ ಆನ್ನರ ಕಾನ್ವೆಂಟಿನಲ್ಲಿ ನೆಟ್ಟ ಸಸಿ ಬೆಳೆಯುತ್ತಲೇ ಇತ್ತು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆಯಿತು. ಹೆಣ್ಣುಮಕ್ಕಳ ಉನ್ನತ ಶಿಕ್ಷಣ ಅಪರೂಪವಾಗಿದ್ದ ಕಾಲದಲ್ಲಿ ಸಭೆಯ ಸಹೋದರಿಯರು ಕಟ್ಟಿದ ಈ ವಿದ್ಯಾಮಂದಿರ ಕರಾವಳಿಯ ಅಸಂಖ್ಯ ಮನೆಗಳಿಗೆ ಬೆಳಕು ನೀಡಿತು. 2014ರ ಜುಲೈ 8ರಂದು ಧರ್ಮಸಭೆ ಮದರ್ ವೆರೋನಿಕಾ ಅವರ ಸದ್ಗುಣಗಳನ್ನು ಮಾನ್ಯಮಾಡಿತು. ಅಂದಿನಿಂದ ಅವರು 'ಪೂಜ್ಯರು'.

ಕೈಯಿಂದ ದುಡಿದವರನ್ನು ನಾವು ಸುಲಭವಾಗಿ ಸ್ಮರಿಸುತ್ತೇವೆ. ಮೊಣಕಾಲೂರಿ ದುಡಿದವರನ್ನು ಮರೆಯುತ್ತೇವೆ. ಕಾರ್ಯ ಕೈತಪ್ಪಿದಾಗಲೂ ಕರೆ ಕೈಬಿಡುವುದಿಲ್ಲವೆಂಬುದೇ ಈ ತಾಯಿಯ ಬಾಳು ನಮಗೆ ಕಲಿಸುವ ಪಾಠ. ವಯಸ್ಸು, ಕಾಯಿಲೆಗಳಿಂದ ಸೇವೆಯ ಕಣದಿಂದ ಸರಿದು ಜಪಸರ ಹಿಡಿದಿರುವ ವೃದ್ಧ ಧರ್ಮಭಗಿನಿಯರು ನಮ್ಮ ಕಾನ್ವೆಂಟುಗಳಲ್ಲಿ ಇಂದಿಗೂ ಇದ್ದಾರೆ. ಅವರನ್ನು ಸಂದರ್ಶಿಸೋಣ, ಅವರ ಪ್ರಾರ್ಥನೆಯ ಋಣವನ್ನು ನೆನೆಯೋಣ.