ಹೊಲ ಬರಿದಾದ ಕಾಲಕ್ಕೆ ಬದುವಿನ ಫಸಲು

ಯುಗಾದಿ ಕಳೆದು ಅಶ್ವಿನಿ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಏಪ್ರಿಲ್ ನಡುವಿಗೆ, ಹಾಸನ ಸೀಮೆಯ ರಾಗಿ ಹೊಲಗಳು ಬರಿದಾಗಿರುತ್ತವೆ. ಕಣದ ಕೆಲಸ ಎಂದೋ ಮುಗಿದಿದೆ, ಹುಲ್ಲು ಮೆದೆ ಸೇರಿದೆ. ಹೇಮಾವತಿಯ ಹಿನ್ನೀರು ಇಳಿದು ಶೆಟ್ಟಿಹಳ್ಳಿಯ ಹಳೇ ಚರ್ಚಿನ ಗೋಡೆಗಳು ಬುಡದವರೆಗೂ ಕಾಣುತ್ತಿವೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಒಕ್ಕಲು ಮನೆಗಳಿಗೆ ಇದು ಬಿಡುವಿನ ಕಾಲ. ಹಟ್ಟಿಗೆ ಹೋಗಿ ನೋಡಿದರೆ ಅಜ್ಜಿಯಿಂದ ಮೊಮ್ಮಗನವರೆಗೆ ಯಾರ ಕೈಯೂ ಖಾಲಿ ಇರುವುದಿಲ್ಲ. ಆ ಕೆಲಸದ ಬಹುಪಾಲನ್ನು ಕೊಟ್ಟಿರುವುದು ಹೊಲದ ಬದು.

ಇಲ್ಲಿನ ಮಿಶ್ರ ಬೇಸಾಯದ ಮನೆಯೆಂದರೆ ಸಾಮಾನ್ಯವಾಗಿ ಮೂರು ನಾಲ್ಕು ಎಕರೆ. ಒಂದಷ್ಟು ರಾಗಿ ಹೊಲ, ನೀರಿದ್ದರೆ ತುಂಡು ಗದ್ದೆ, ಹತ್ತಾರು ತೆಂಗು, ಕೊಟ್ಟಿಗೆಯಲ್ಲಿ ಎರಡು ಹಸು, ಅಂಗಳದಲ್ಲಿ ಕೋಳಿ. ಈ ಲೆಕ್ಕದಲ್ಲಿ ಬದು ಪಹಣಿಯಲ್ಲಿ ಕಾಣಿಸುವುದಿಲ್ಲ. ಆದರೆ ಹುಣಸೆ, ಹೊಂಗೆ, ಮಾವು, ಹಲಸು, ಬೇವು ನಿಂತಿರುವುದು ಅದರ ಮೇಲೆಯೇ. ಮಳೆಗಾಲದಲ್ಲಿ ಹೊಲ ದುಡಿದರೆ ಬೇಸಿಗೆಯಲ್ಲಿ ಬದು ದುಡಿಯುತ್ತದೆ. ಈ ಬೇಸಾಯವನ್ನು ಇಷ್ಟು ಕಾಲ ಉಳಿಸಿಕೊಂಡು ಬಂದಿರುವುದು ಈ ಪಾಳಿ ಎಂದೇ ನನ್ನ ನಂಬಿಕೆ.

ಹುಣಸೆಯನ್ನೇ ನೋಡಿ. ಶಿವರಾತ್ರಿ ಕಳೆಯುತ್ತಲೇ ಕಾಯಿ ಒಣಗಿ ಸಿಪ್ಪೆ ಒಳಗಿನ ಹಣ್ಣನ್ನು ಬಿಡುತ್ತದೆ. ಗಂಡಸರು ಮರ ಹತ್ತಿ ಕೊಂಬೆ ಕುಲುಕುತ್ತಾರೆ, ಎಟುಕದ್ದನ್ನು ಗಳುವಿನಿಂದ ಬಡಿಯುತ್ತಾರೆ. ಆಯ್ದು ತಂದದ್ದನ್ನು ಬಿಸಿಲಿಗೆ ಹರವಿ, ಬಡಿದು ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲೆ ಕುಟ್ಟಿ ಬೀಜ ತೆಗೆಯುವುದು ಹೆಂಗಸರ ಕೆಲಸ. ಸಂಜೆ ಜಗುಲಿಯಲ್ಲಿ ಅತ್ತೆ, ಸೊಸೆ, ಪಕ್ಕದ ಮನೆಯ ಅಕ್ಕ ಎಲ್ಲರೂ ಕೂತು ಕುಟ್ಟುತ್ತಾರೆ. ವರ್ಷದ ಸಾರಿಗೆ ಬೇಕಾದಷ್ಟಕ್ಕೆ ಉಪ್ಪು ಬೆರೆಸಿ ಮಡಕೆಗೆ ಒತ್ತಿದ ಮೇಲೆ ಉಳಿದದ್ದು ಸಂತೆಗೆ. ಕಾಯಿ ಮರದಲ್ಲಿದ್ದಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಡುವವರೂ ಇದ್ದಾರೆ. ಶ್ರಮ ಉಳಿಯುತ್ತದೆ ನಿಜ, ಆದರೆ ಬೀಜ ಬಿಡಿಸಿದ ಹಣ್ಣಿಗೆ ಸಿಗುವ ಬೆಲೆ ಕೈ ತಪ್ಪುತ್ತದೆ.

ಹೊಂಗೆಯದು ಇನ್ನೊಂದು ಬಗೆ. ಹಳೆಯ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೇ ಹೊಸ ಚಿಗುರು ಹೊದ್ದು ದಟ್ಟ ನೆರಳು ಕೊಡುವ ಮರ ಅದು. ಬುಡದಲ್ಲಿ ಉದುರಿದ ಕಾಯಿ ಗುಡಿಸಿ, ಬಡಿದು ಬೀಜ ತೆಗೆದರೆ ಎಣ್ಣೆ. ಗಾಣದಲ್ಲಿ ಉಳಿದ ಹಿಂಡಿ ತೆಂಗಿನ ಬುಡಕ್ಕೆ ಗೊಬ್ಬರ. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿದಾಗ ಮುಂದಿಟ್ಟ ವಿಚಾರವೂ ಸರಳವಾದದ್ದೇ. ಉಳುವ ಭೂಮಿಯನ್ನು ಮುಟ್ಟಬೇಡಿ, ಬದುವಿನಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸಿ, ಬೀಜದಿಂದ ಇಂಧನ ತೆಗೆಯೋಣ ಎಂಬುದು. ಬದುವಿನ ಬೆಲೆಯನ್ನು ವಿಜ್ಞಾನಿಗಳೂ ಕಂಡುಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಚನ್ನರಾಯಪಟ್ಟಣದ ಕಡೆ ಬೇಸಿಗೆಯ ಚಿಂತೆ ತೆಂಗಿನದು. ಎಳನೀರಿಗೆ ಬೆಲೆ ಏರುವುದು ಈಗಲೇ. ಇಳಿಸಿದರೆ ಇವತ್ತೇ ಕೈಗೆ ದುಡ್ಡು. ಬಲಿಯಲು ಬಿಟ್ಟರೆ ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಒಣಗಿ, ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗುತ್ತದೆ. ಮಗಳ ಕಾಲೇಜು ಶುಲ್ಕ, ಕೊಳವೆಬಾವಿಯ ಮೋಟರು ರಿಪೇರಿ ಎದುರಿಗಿದ್ದರೆ ಎಳನೀರೇ ಗೆಲ್ಲುತ್ತದೆ. ದಿನದ ಖರ್ಚನ್ನು ನೋಡಿಕೊಳ್ಳುವುದು ಹಸು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಬಂದರೆ ಬಟವಾಡೆಯ ದಿನ ಮನೆ ನಡೆಯುತ್ತದೆ. ಹಸಿರು ಮೇವು ಸಿಗದ ಈ ದಿನಗಳಲ್ಲಿ ಆ ಹಸುವನ್ನು ಸಾಕುವುದು ರಾಗಿ ಹುಲ್ಲಿನ ಮೆದೆ. ಹಲಸು ಹಣ್ಣಾದ ಮೇಲೆ ಅದರ ಸಿಪ್ಪೆಯೂ ಕೊಟ್ಟಿಗೆಗೇ.

ಕೊಟ್ಟಿಗೆಯ ಸಾಲ ತೀರುವುದು ತಿಪ್ಪೆಯ ಮೂಲಕ. ವರ್ಷವಿಡೀ ಕಳಿತ ಗೊಬ್ಬರವನ್ನು ಹೊಲಕ್ಕೆ ಹೊಡೆದು ಗುಪ್ಪೆ ಹಾಕುವುದು ಈಗ. ಕೆರೆ ಒಣಗಿದ್ದರೆ ಗೋಡನ್ನೂ ಹೇರಿ ತರುತ್ತಾರೆ. ಕೆಮ್ಮಣ್ಣಿನ ಹೊಲಕ್ಕೆ ಕೆರೆಗೋಡು ಬಿದ್ದರೆ ತೇವ ಹೆಚ್ಚು ದಿನ ನಿಲ್ಲುತ್ತದೆ.

ಮನೆಯೊಳಗೆ ಬೀಜದ ಕೆಲಸ. ರಾಗಿ ಬೀಜವನ್ನು ರೈತ ಸಂಪರ್ಕ ಕೇಂದ್ರದಿಂದ ತರಬಹುದು. ರಾಗಿಯ ನಡುವೆ ಅಕ್ಕಡಿ ಸಾಲಿಗೆ ಬೇಕಾದ ಸೊಗಡಿನ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಯನ್ನು ಮನೆಯವರೇ ಉಳಿಸಿಕೊಂಡಿರಬೇಕು. ಬಿಸಿಲಿಗೆ ಹಾಕಿ, ಹುಳ ಬಿದ್ದದ್ದನ್ನು ಆರಿಸಿ, ಬೂದಿ ಬೆರೆಸಿ ಮತ್ತೆ ಗುಡಾಣಕ್ಕೆ ತುಂಬುವ ಅಜ್ಜಿ ಒಂದು ವರ್ಷ ಮಲಗಿಬಿಟ್ಟರೆ ಆ ಮನೆಯ ಅಕ್ಕಡಿಯೂ ನಿಂತುಹೋಗುವುದುಂಟು.

ಹಾಸನ, ಅರಕಲಗೂಡಿನಲ್ಲಿ ಮೇ ಬಂತೆಂದರೆ ಆಲೂಗಡ್ಡೆಯ ಗಡಿಬಿಡಿ. ಜಲಂಧರ್‌ನಿಂದ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತದೆ. ತಂದ ಗಡ್ಡೆಯನ್ನು ನೆರಳಲ್ಲಿ ಹರಡಿ, ಮೊಳಕೆ ಬಂದ ಮೇಲೆ ಕಣ್ಣು ಉಳಿಯುವಂತೆ ಕೊಯ್ದು ನಾಟಿ ಮಾಡುತ್ತಾರೆ. ಹೆಚ್ಚೂಕಡಿಮೆ 90 ದಿನದ ಬೆಳೆ. ಅಂಗಮಾರಿ ರೋಗ ಬಂದ ವರ್ಷಗಳಲ್ಲಿ ಆಲೂಗಡ್ಡೆಯೊಂದನ್ನೇ ನಂಬಿದವರು ಸಾಲಕ್ಕೆ ಬಿದ್ದರು. ಹಸು, ತೆಂಗು, ಬದು ಇದ್ದವರಿಗೂ ಪೆಟ್ಟು ಬಿತ್ತು, ಆದರೂ ಎದ್ದು ನಿಂತರು. ರಾಮನಾಥಪುರದ ಕಡೆ ಈಗ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವ ಕಾಲ. ದುಡ್ಡು ಕೊಡುವ ಬೆಳೆ, ಸರಿ. ಆದರೆ ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಬೇಕಾದ ಸೌದೆಗಾಗಿ ಬದುವಿನ ಮರಗಳು ಉರುಳಿದ್ದನ್ನು ನೋಡಿ ನನಗೆ ನೋವಾಗಿದೆ. ಟ್ರ್ಯಾಕ್ಟರ್ ಸಲೀಸಾಗಿ ತಿರುಗಲೆಂದು ಬದುವನ್ನೇ ಒಡೆದು ಸಪಾಟು ಮಾಡುವವರೂ ಇದ್ದಾರೆ. ಬರುವ ಬೇಸಿಗೆಗೆ ಅವರ ಮನೆಯಲ್ಲಿ ಕುಟ್ಟಲು ಹುಣಸೆ ಇರುವುದಿಲ್ಲ.

ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಫೋನಿನಲ್ಲಿ ಬೀಗರಿಗೂ ಮೊದಲ ಪ್ರಶ್ನೆ, ‘ನಿಮ್ ಕಡೆ ಮಳೆ ಆಯ್ತಾ ಅಣ್ಣ?’ ಉತ್ತ ಹೊಲಕ್ಕೆ ಎಳ್ಳು, ಅಲಸಂದೆ, ಹೆಸರು ಬೀಳುತ್ತವೆ. ಜುಲೈ ಹೊತ್ತಿಗೆ ಅವು ಕಟಾವಾಗಿ ಅದೇ ಮಣ್ಣಿಗೆ ರಾಗಿ ಬೀಳುತ್ತದೆ, ಎಳ್ಳು ಮಾರಿದ ದುಡ್ಡು ರಾಗಿ ಹೊಲದ ಕೂಲಿಗೆ ಒದಗುತ್ತದೆ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ನೀರು ಬಿಟ್ಟ ಮೇಲೆ ಬದುವಿನ ಹೊಂಗೆಯ ಸೊಪ್ಪು ಸವರಿ ಕೆಸರುಗದ್ದೆಗೆ ತುಳಿದು, ನಾಟಿಗೆ ಅಣಿ ಮಾಡುತ್ತಾರೆ.