ಹಿಟ್ಟಿನ ಹುಂಜ ಮತ್ತು ನಮ್ಮ ಸ್ವಾತಂತ್ರ್ಯ

ಕೆಲವು ವರ್ಷಗಳ ಹಿಂದಿನ ದಶಲಕ್ಷಣ ಪರ್ವ. ಆರನೆಯ ದಿನ ಉತ್ತಮ ಸಂಯಮ ಧರ್ಮವನ್ನು ಕುರಿತು ನಾಲ್ಕು ಮಾತುಗಳನ್ನಾಡಿ ಬಸದಿಯ ಜಗಲಿಯಲ್ಲಿ ಕುಳಿತಿದ್ದೆ. ಹಿರಿಯ ಶ್ರಾವಕರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಏನನ್ನೂ ಆಡಲಿಲ್ಲ. ಅನಂತರ ತಗ್ಗಿದ ದನಿಯಲ್ಲಿ ಮನೆಯ ಸಂಗತಿಯನ್ನು ಹೇಳಿಕೊಂಡರು. ಓದಿ ಕೆಲಸಕ್ಕೆ ಸೇರಿದ ಮಗ ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತ ಎರಡು ವರ್ಷದ ಉಳಿತಾಯವನ್ನೆಲ್ಲ ಕಳೆದುಕೊಂಡಿದ್ದಾನೆ. ಮೇಲೆ ಕೈಸಾಲ. ಗದರಿಸಿದರೆ ಅವನ ಉತ್ತರ ಸಿದ್ಧವಾಗಿದೆ: “ಅಪ್ಪಾ, ಅದು ನಾನು ದುಡಿದ ಹಣ. ಯಾರಿಗೂ ಮೋಸ ಮಾಡಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ನಿಮಗೇನು ನಷ್ಟವಾಯಿತು?”

“ಇದಕ್ಕೆ ನಾನು ಏನು ಹೇಳಲಿ, ಪಂಡಿತರೇ?” ಎಂದರು ಹಿರಿಯರು.

ಜೂಜು ವ್ಯಸನ, ಹೇಗಾದರೂ ಬಿಡಿಸಿ ಎಂದೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಅದು ವ್ಯಸನವೆಂಬುದು ಅವರಿಗೆ ತಿಳಿಯದೆ ಇತ್ತೇ? ಅವರು ಕೇಳಿದ್ದು ಬೇರೆಯೇ ಪ್ರಶ್ನೆ. ಒಬ್ಬನ ಇಚ್ಛೆಯ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಅವನ ಹೊಣೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಆ ಪ್ರಶ್ನೆ. ಅಪರಾಧ, ಮಾದಕ ವಸ್ತು, ಮೊಬೈಲು ಇವುಗಳ ಬಗ್ಗೆ ನಡೆಯುವ ಚರ್ಚೆಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಮಗನ ಮಾತನ್ನು ಉಡಾಫೆಯೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಗೌರವಾರ್ಹವಾದ ಒಂದು ವಿಚಾರಧಾರೆಯಿದೆ. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ‘ಆನ್ ಲಿಬರ್ಟಿ’ ಎಂಬ ಗ್ರಂಥದಲ್ಲಿ, ಪರರಿಗೆ ಹಾನಿಯಾಗುವುದನ್ನು ತಡೆಯಲಿಕ್ಕಲ್ಲದೆ ಬೇರೆ ಕಾರಣಕ್ಕೆ ಪ್ರಾಪ್ತವಯಸ್ಕನನ್ನು ಬಲವಂತಪಡಿಸುವ ಅಧಿಕಾರ ಸಮಾಜಕ್ಕಿಲ್ಲವೆಂದು ವಾದಿಸಿದ. ಅವನ ಒಳಿತಿಗಾಗಿಯೇ ಎಂಬುದೂ ಸಾಕಾದ ಕಾರಣವಲ್ಲ. ಜೈನಧರ್ಮಕ್ಕೆ ಈ ಮಾತು ಅಪರಿಚಿತವಲ್ಲ. ಸೃಷ್ಟಿಕರ್ತನನ್ನಾಗಲಿ, ತಪ್ಪೊಪ್ಪಿಗೆ ಕೇಳಿ ಕ್ಷಮಿಸುವ ನ್ಯಾಯಾಧೀಶನನ್ನಾಗಲಿ ಒಪ್ಪದ ಧರ್ಮವಿದು. ತೀರ್ಥಂಕರರು ದಾರಿ ತೋರುತ್ತಾರೆ, ಕೈಹಿಡಿದು ದಾಟಿಸುವುದಿಲ್ಲ. ಪ್ರತಿಯೊಂದು ಜೀವವೂ ಸ್ವತಂತ್ರ ದ್ರವ್ಯ. ವ್ರತವನ್ನು ಸಹ ತಾನಾಗಿ ಸ್ವೀಕರಿಸಬೇಕೇ ಹೊರತು ಒಬ್ಬರು ಇನ್ನೊಬ್ಬರ ಮೇಲೆ ಹೇರಿದರೆ ಅದು ವ್ರತವೆನಿಸದು. ಇಷ್ಟು ದೊಡ್ಡ ಸ್ವಾತಂತ್ರ್ಯವನ್ನು ಜೀವಕ್ಕೆ ಕೊಟ್ಟ ಮತಗಳು ವಿರಳ.

ಆದರೆ ಆ ಸ್ವಾತಂತ್ರ್ಯದ ಜೊತೆಗೇ ಒಂದು ಲೆಕ್ಕಪುಸ್ತಕವೂ ಬಂದಿದೆ. ಕ್ಷಮಿಸುವವನೇ ಇಲ್ಲದ ಮೇಲೆ ಬಾಕಿ ಯಾರ ಹೆಸರಿಗೆ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಲೆಕ್ಕ ಬಹಳ ಸೂಕ್ಷ್ಮವಾಗಿದೆ. ಒಂದು ಕೆಲಸವನ್ನು ಸಂಕಲ್ಪಿಸುವುದು, ಅದಕ್ಕೆ ಸಾಧನಗಳನ್ನು ಹೊಂದಿಸಿಕೊಳ್ಳುವುದು, ಅದಕ್ಕೆ ಕೈಹಾಕುವುದು ಎಂದು ಮೂರು ಹಂತ. ಇವು ನಡೆಯುವುದು ಮನಸ್ಸು, ಮಾತು, ಕಾಯಗಳೆಂಬ ಮೂರರಿಂದ. ಮತ್ತೆ ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು ಎಂದು ಮೂರು ಬಗೆ. ಇವೇ ಕೃತ, ಕಾರಿತ, ಅನುಮತ. ಇವೆಲ್ಲಕ್ಕೂ ಪ್ರೇರಣೆಯಾಗಿ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಈ ಲೆಕ್ಕವನ್ನೇ ಕಾರಣವಾಗಿ ಹೇಳುವುದುಂಟು. ಕೈಯಿಂದ ಮಾಡಿದ್ದು ಇದರಲ್ಲಿ ಒಂದು ಭಾಗ ಮಾತ್ರ. ‘ನಾನು ಹೊಡೆಯಲಿಲ್ಲ’ ಎಂದವನಿಗೂ ಎಷ್ಟೋ ಮಣಿಗಳು ಉಳಿದಿರುತ್ತವೆ.

ಹದಿಮೂರನೆಯ ಶತಮಾನದ ಕವಿ ಜನ್ನ ಯಶೋಧರ ಚರಿತೆಯಲ್ಲಿ ಇದನ್ನೇ ಕಥೆಯಾಗಿಸಿದ್ದಾನೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದ ಮೂಲಕ ಇದು ಜೈನೇತರ ಕನ್ನಡಿಗರಿಗೂ ಪರಿಚಿತ. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ಮಾವುತನೊಬ್ಬನಿಗೆ ಮರುಳಾದುದನ್ನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದು ಹಿಂದಿರುಗುತ್ತಾನೆ. ಆದರೆ ತಾಯಿ ಚಂದ್ರಮತಿಯ ಮುಂದೆ ನಿಜವನ್ನು ಹೇಳದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿಯ ಒತ್ತಾಯ. ಕೊಲ್ಲಲಾರೆನೆಂದು ಮಗನ ನಿರಾಕರಣೆ. ಕೊನೆಗೆ ತಾಯಿ ಒಂದು ನಡುದಾರಿ ಹುಡುಕುತ್ತಾಳೆ: ಹಿಟ್ಟಿನಿಂದ ಹುಂಜ ಮಾಡಿ ಕಡಿದರಾಯಿತು, ಜೀವವೂ ಹೋಗದು, ಹರಕೆಯೂ ತೀರುತ್ತದೆ. ಯಶೋಧರ ಒಪ್ಪಿ ಕತ್ತಿ ಬೀಸುತ್ತಾನೆ. ಹಿಟ್ಟಿನ ಹುಂಜ ಕೂಗುತ್ತದೆ! ಮುಂದೆ ತಾಯಿ ಮಗ ಇಬ್ಬರೂ ವಿಷಕ್ಕೆ ಬಲಿಯಾಗಿ, ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಬಳಲುತ್ತಾರೆ.

ಮೊದಲ ಓದಿಗೆ ಈ ಶಿಕ್ಷೆ ಅತಿಯೆನಿಸುತ್ತದೆ. ನನಗೂ ಯೌವನದಲ್ಲಿ ಹಾಗೆಯೇ ಅನಿಸಿತ್ತು. ಹಿಟ್ಟಿಗೆ ನೋವೆಲ್ಲಿ? ಆದರೆ ಕವಿ ನೋಡುತ್ತಿರುವುದು ಹಿಟ್ಟನ್ನಲ್ಲ, ಕತ್ತಿ ಬೀಸಿದ ಮನಸ್ಸನ್ನು. ಇನ್ನೊಂದು ಅಂಶವನ್ನೂ ಗಮನಿಸಬೇಕು: ಕಡಿದವನು ಮಗ, ಕಡಿಸಿದವಳು ತಾಯಿ, ಬಂಧ ಇಬ್ಬರಿಗೂ. ಕೃತ, ಕಾರಿತ ಎರಡೂ ಅಕ್ಕಪಕ್ಕದಲ್ಲೇ ನಡೆಯುತ್ತವೆ.

ಇಂದಿನ ಪರದೆಯ ಆಟಗಳಲ್ಲಿ ಕೊಲ್ಲುವುದೂ ಹಿಟ್ಟಿನ ಹುಂಜವೇ. ಹಾಗೆಂದು ಆಡಿದ ಮಗುವೆಲ್ಲ ಮುಂದೆ ಕೊಲೆಗಾರನಾಗುತ್ತಾನೆಂದು ಹೆದರಿಸುವವರ ಜೊತೆಗೆ ನಾನಿಲ್ಲ. ಜನ್ನನೂ ಹಾಗೆ ಹೇಳಲಿಲ್ಲ. ಯಶೋಧರ ಆಮೇಲೆ ಯಾರನ್ನೂ ಕೊಲ್ಲುವುದಿಲ್ಲ. ‘ನಿಜವಲ್ಲವಲ್ಲ’ ಎಂಬ ಸಮಾಧಾನದ ಮರೆಯಲ್ಲಿ ಮನಸ್ಸು ಏನನ್ನು ಅಭ್ಯಾಸ ಮಾಡಿಕೊಳ್ಳುತ್ತಿದೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಜೂಜಿಗೆ ಬರೋಣ. ಸಪ್ತವ್ಯಸನಗಳ ಎಣಿಕೆ ದ್ಯೂತದಿಂದಲೇ ಮೊದಲಾಗುತ್ತದೆ. ಮದ್ಯ, ಕಳವು ಮೊದಲಾದವು ಅದರ ಬೆನ್ನಿಗೆ ಬರುತ್ತವೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ. ಕೌಶಲದ ಆಟವನ್ನು ನಡೆಸುವ ವ್ಯವಹಾರಕ್ಕೆ ಸಂವಿಧಾನದ ರಕ್ಷಣೆಯಿದೆ ಎಂಬುದು ಅಲ್ಲಿಯ ವಿಚಾರ. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಆ ಭೇದವನ್ನೇ ಬದಿಗಿಟ್ಟು, ಹಣದ ಆಟಗಳನ್ನೆಲ್ಲ ನಿಷೇಧಿಸಿತು. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನನ್ನು ಅಪರಾಧಿಯೆಂದು ಅದು ಕಾಣುವುದಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳೂ ನ್ಯಾಯಾಲಯದ ಮೆಟ್ಟಿಲೇರಿವೆ.

ಕೌಶಲವೋ ಅದೃಷ್ಟವೋ ಎಂಬುದನ್ನು ನ್ಯಾಯಾಲಯ ಕೇಳಲೇಬೇಕು, ಅದು ಅದರ ಧರ್ಮ. ಶ್ರಾವಕಾಚಾರ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಗೆದ್ದಾಗ ಏಳುವ ಮಾನವನ್ನೂ ಸೋತಾಗ ‘ಇನ್ನೊಂದೇ ಆಟ’ ಎನ್ನುವ ಲೋಭವನ್ನೂ ಅದು ನೋಡುತ್ತದೆ. ಇಸ್ಪೀಟಿನಲ್ಲಿ ಎಷ್ಟೇ ನಿಪುಣನಾದರೂ ಕಷಾಯ ಅಂಟಿಕೊಂಡೀತೆಂಬುದೇ ಅದರ ಚಿಂತೆ. ಹಾಗಾಗಿ ಕಾಯ್ದೆ ಬಿದ್ದರೂ ನಿಂತರೂ ಶ್ರಾವಕನ ವ್ರತಕ್ಕೆ ಅದರಿಂದ ಏರುಪೇರಿಲ್ಲ.

ಮಾದಕ ವಸ್ತುವಿನ ವಿಷಯದಲ್ಲಿ ‘ನನ್ನ ದೇಹ, ನನ್ನ ಇಚ್ಛೆ’ ಎಂಬ ವಾದ ಇನ್ನೂ ಬಲವಾಗಿ ಕೇಳಿಬರುತ್ತದೆ. ಇಲ್ಲಿ ಕೇಳಬೇಕಾದದ್ದು, ಆ ಇಚ್ಛೆ ಯಾರದು ಎಂದು. ಮೊದಲ ಸೇವನೆ ಇಚ್ಛೆಯಿಂದ ಆಗಿರಬಹುದು. ನೂರನೆಯದೂ ಹಾಗೆಯೇ? ಸ್ವಾತಂತ್ರ್ಯವನ್ನು ಅಷ್ಟು ಎತ್ತಿಹಿಡಿದ ಮಿಲ್ ಸಹ, ತನ್ನನ್ನು ತಾನೇ ಗುಲಾಮನಾಗಿ ಮಾರಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲವೆಂದ. ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ‘ಆವಶ್ಯಕ’ ಎಂಬ ಪದವನ್ನು ಬಿಡಿಸುವ ರೀತಿ ಇಲ್ಲಿ ನೆನಪಾಗುತ್ತದೆ. ಪರವಸ್ತುವಿಗೆ ವಶನಾಗದವನು ಅವಶ, ಅಂಥವನ ಕ್ರಿಯೆಯೇ ಆವಶ್ಯಕ. ಇಂದಿನ ಕನ್ನಡದಲ್ಲಿ ‘ಅವಶ’ನೆಂದರೆ ಮೈಮೇಲೆ ಹಿಡಿತವಿಲ್ಲದವನು! ಪದ ತಿರುಗುಮುರುಗಾದದ್ದು ಆಕಸ್ಮಿಕವೇ ಇರಬಹುದು, ಆದರೂ ಒಮ್ಮೆ ನಿಂತು ನೋಡುವಂತಿದೆ.

ಹಾಗಾದರೆ ವ್ಯಸನಿಯನ್ನು ಸೆರೆಗೆ ಹಾಕುವುದೇ ದಾರಿಯೇ? 1985ರ ಮಾದಕ ವಸ್ತು ಕಾಯ್ದೆ ಕಠಿಣವೆಂದೇ ಹೆಸರಾದದ್ದು. ಅದರಲ್ಲಿಯೂ 64ಎ ಎಂಬ ಕಲಮು ಇದೆ. ಸೇವನೆಗಾಗಿ ಇಲ್ಲವೇ ಅಲ್ಪ ಪ್ರಮಾಣವನ್ನು ಹೊಂದಿದ್ದಕ್ಕಾಗಿ ಆರೋಪಕ್ಕೊಳಗಾದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಅವನನ್ನು ಶಿಕ್ಷೆಗೆ ಗುರಿಪಡಿಸದಿರಲು ಅವಕಾಶ ಕೊಡುವ ಕಲಮು. ಎಷ್ಟು ತಂದೆತಾಯಿಗಳಿಗೆ ಇದು ತಿಳಿದಿದೆಯೋ! ಮಾನಕ್ಕೆ ಅಂಜಿ ಬಚ್ಚಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಈ ಕಲಮಿಗೆ ಬಹಳ ಸಮೀಪದಲ್ಲಿದೆ. ಮಿಥಿಲೆಯಲ್ಲಿ ಅರಸನ ಹಾರ ಕಳವಾಗುತ್ತದೆ. ತಳಾರ ಯಮದಂಡ ಕಳ್ಳನನ್ನು ಹಿಡಿದು ತರುತ್ತಾನೆ. ನಾನಾ ಬಗೆಯ ದಂಡನೆಗಳಿಗೂ ಅವನು ಬಾಯಿ ಬಿಡುವುದಿಲ್ಲ. ಅಭಯ ದೊರೆತ ಮೇಲೆಯೇ ಕದ್ದವನು ತಾನೆಂದು ಒಪ್ಪುತ್ತಾನೆ. ಹಿಡಿದವನೂ ಸಿಕ್ಕಿಬಿದ್ದವನೂ ಬಾಲ್ಯದ ಗೆಳೆಯರೆಂಬುದು ಆಗ ಹೊರಬೀಳುತ್ತದೆ. ಒಬ್ಬ ಕಾಯುವ ವಿದ್ಯೆ ಕಲಿತ, ಮತ್ತೊಬ್ಬ ಕದಿಯುವ ವಿದ್ಯೆ ಕಲಿತ. ಮುಂದೆ ಆ ಕಳ್ಳನೇ ದೀಕ್ಷೆ ವಹಿಸಿ ಘೋರ ಉಪಸರ್ಗವನ್ನು ಸಹಿಸುತ್ತಾನೆ. ದಂಡನೆಗೆ ಬಗ್ಗದ ಅದೇ ದಾರ್ಢ್ಯ ತಪಸ್ಸಿಗೆ ಒದಗಿತು. ಕದ್ದದ್ದು ಕಳವಲ್ಲವೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಕಳ್ಳನಲ್ಲಿ ಕಳ್ಳತನವೊಂದೇ ಇತ್ತೆಂದೂ ಹೇಳುವುದಿಲ್ಲ.

ತಂತ್ರಜ್ಞಾನ ಹೊಸದು, ಅದರ ದೋಷಗಳು ಹೊಸವಲ್ಲ. ಸತ್ಯಾಣುವ್ರತದ ಅತಿಚಾರಗಳನ್ನು ನೋಡಿದರೆ ಬೆರಗಾಗುತ್ತದೆ. ಏಕಾಂತದ ಸಂಗತಿಯನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಇಲ್ಲದ್ದನ್ನು ಇದ್ದಂತೆ ಬರೆದು ಸೃಷ್ಟಿಸುವುದು ಕೂಟಲೇಖಕ್ರಿಯೆ. ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿ ಹರಿಬಿಡುವ ಇಂದಿನ ನಕಲಿ ವಿಡಿಯೊಗಳಿಗೆ ಇವೆರಡೂ ಒಟ್ಟಿಗೆ ಅನ್ವಯಿಸುತ್ತವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದು ಹಕ್ಕಿನ ಮುಖ. ಪರರ ಏಕಾಂತವನ್ನು ಕಾಯುವುದು ನನ್ನ ವ್ರತವೆಂಬುದು ಅದರ ಇನ್ನೊಂದು ಮುಖ.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ಮರೆಯಲಾಗದು. ಹೈದರಾಬಾದಿನಿಂದ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರನ್ನು ಮುಟ್ಟಿತು. ಒಬ್ಬನ ಪ್ರಾಣ ಹೋಯಿತು. ಹೊಡೆದವರ ಮೇಲೆ ಮೊಕದ್ದಮೆ ಹೂಡಬಹುದು. ಮನೆಯಲ್ಲಿ ಕುಳಿತು ಆ ಸುದ್ದಿಯನ್ನು ಮುಂದೆ ಕಳುಹಿಸಿದವರು? ‘ಒಳ್ಳೆಯ ಕೆಲಸ’ವೆಂದು ಮೆಚ್ಚಿದವರು? ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಷ್ಟೇ ಕಳುಹಿಸುವಂತೆ ಮಿತಿ ಹಾಕಿತು. ಯಂತ್ರಕ್ಕೆ ಪರಿಮಾಣ ವ್ರತ ಕೊಟ್ಟಂತಾಯಿತು. ನಮ್ಮ ಬೆರಳಿಗೆ ಯಾರು ಕೊಡಬೇಕು?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಿವೆ. ಪ್ರಯೋಜನವಿಲ್ಲದೆ ಪರಹಿಂಸೆಗೆ ಎಡೆಯಾಗುವ ನಡೆಗಳವು. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗಿಡುವುದು ಹಿಂಸಾದಾನ. ಮನಸ್ಸನ್ನು ಕಲಕುವುದನ್ನೇ ಕೇಳುತ್ತ ಕೂರುವುದು ದುಃಶ್ರುತಿ. ಬಿಡಲಾರದಂತೆ ಹಿಡಿದಿಡುವ ಆ್ಯಪ್‌ಗಳನ್ನು ರೂಪಿಸುವವರಲ್ಲಿ ನಮ್ಮ ಸಮಾಜದ ಮಕ್ಕಳೂ ಇರಬಹುದು. ಅವರಿಗೆ ಮೊದಲನೆಯದು, ನಮಗೆಲ್ಲ ಎರಡನೆಯದು. ಅದೇ ಗ್ರಂಥ ಭೋಗೋಪಭೋಗಗಳ ಮಿತಿಯಲ್ಲಿ ಯಮ ಮತ್ತು ನಿಯಮ ಎಂಬ ಎರಡು ಕ್ರಮಗಳನ್ನು ಹೇಳುತ್ತದೆ. ಬದುಕಿನುದ್ದಕ್ಕೂ ತ್ಯಜಿಸುವುದು ಯಮ. ಇಷ್ಟು ಹೊತ್ತು, ಇಷ್ಟು ದಿನ, ಇಷ್ಟು ತಿಂಗಳು ಎಂದು ಬಿಡುವುದು ನಿಯಮ. ಎಂದೆಂದಿಗೂ ಬಿಡುತ್ತೇನೆಂದು ಆಣೆಯಿಟ್ಟು ಮೂರನೆಯ ದಿನ ಮುರಿಯುವ ವ್ಯಸನಿಗೆ ಈ ಎರಡನೆಯ ಬಾಗಿಲು ದೊಡ್ಡ ಕರುಣೆ.

ಆ ಹಿರಿಯರಿಗೆ ಅಂದು ಹೇಳಬೇಕಾಗಿದ್ದುದು ಇದನ್ನೆಲ್ಲ. ಹೇಳುವ ಅವಕಾಶ ದೀಪಾವಳಿಯ ಹೊತ್ತಿಗೆ ದೊರೆಯಿತು, ಮಹಾವೀರ ನಿರ್ವಾಣ ಪೂಜೆಗೆ ಮಗನನ್ನೂ ಕರೆತಂದಿದ್ದರು. ಹುಡುಗ ಸಂಕೋಚದವನು, ಬುದ್ಧಿವಂತ. ಕೃತ, ಕಾರಿತ, ಅನುಮತಗಳ ಲೆಕ್ಕವನ್ನು ಆಸಕ್ತಿಯಿಂದ ಕೇಳಿದ. 108ರ ಗುಣಾಕಾರವನ್ನು ತಾನೇ ಮಾಡಿ ಮುಗಿಸಿದ. ಆಟವನ್ನು ಬಿಟ್ಟೆಯಾ ಎಂದು ನಾನು ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಬಾಯಿಬಿಟ್ಟ. “ನನ್ನ ಲಿಂಕಿನಿಂದ ಒಬ್ಬ ಗೆಳೆಯ ಆ ಆಟಕ್ಕೆ ಸೇರಿದ. ಅವನನ್ನು ಸೇರಿಸಿದ್ದಕ್ಕೆ ನನಗೆ ಐನೂರು ರೂಪಾಯಿ ಬೋನಸ್ ಬಂತು. ಅವನು ನನಗಿಂತ ಹೆಚ್ಚು ಕಳೆದುಕೊಂಡ, ಮನೆಯಲ್ಲಿ ಇನ್ನೂ ಹೇಳಿಲ್ಲ. ಅದು ಕಾರಿತವೇ?”

ನಾನು ಉತ್ತರ ಕೊಡುವ ಮೊದಲೇ ತಂದೆ ಎದ್ದು ನಿಂತರು. “ಅವನ ಊರು ಇಲ್ಲಿಂದ ದೂರವೇನಿಲ್ಲ. ಹೋಗೋಣ ಬಾ, ನಾನೂ ಬರುತ್ತೇನೆ” ಎಂದರು.